ಉಬ್ಬರಕ್ಕೆ ಮುಳುಗುವ ರನ್‌ವೇ: ಸಿಮ್ಯುಲೇಟರಿನಲ್ಲಿ ದ್ವೀಪಗಳ ವಿಮಾನಪಟ್ಟಿಗಳು

ಪ್ರಶ್ನೆ: ನನ್ನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಮತ್ತು ಎಕ್ಸ್-ಪ್ಲೇನ್ 12 ಎಂಬ ಎರಡೂ ವಿಮಾನ ಹಾರಾಟದ ಸಿಮ್ಯುಲೇಟರುಗಳು ಇವೆ. ದೊಡ್ಡ ನಿಲ್ದಾಣಗಳ ನಡುವೆ ಹಾರಿ ಹಾರಿ ಬೇಸರವಾಗಿದೆ. ಸ್ಕಾಟ್ಲೆಂಡಿನ ದ್ವೀಪಗಳಲ್ಲಿರುವ ಸಣ್ಣ ವಿಮಾನಪಟ್ಟಿಗಳನ್ನು, ಅದರಲ್ಲೂ ಕಡಲತೀರದ ಮೇಲೇ ಇಳಿಯುವ ಬಾರಾವನ್ನು ನೋಡಬೇಕೆಂಬ ಆಸೆಯಿದೆ. ಆದರೆ ಒಂದು ಸಿಮ್ಯುಲೇಟರಿನಲ್ಲಿ ಅಲ್ಲಿನ ತೀರ ಸಹಜವಾಗಿ ಕಾಣುತ್ತದೆ, ಇನ್ನೊಂದರಲ್ಲಿ ನೀರಿನ ಮೇಲೆ ಚಪ್ಪಡಿ ಇಟ್ಟಂತೆ ಕಾಣುತ್ತದೆ. ಯಾವ ಆಡ್-ಆನ್ ಸೀನರಿ (ಸಿಮ್ಯುಲೇಟರಿಗೆ ಪ್ರತ್ಯೇಕವಾಗಿ ಸೇರಿಸುವ ನೆಲ-ನಿಲ್ದಾಣಗಳ ಚಿತ್ರಣ) ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು? ನಮ್ಮ ಲಕ್ಷದ್ವೀಪದಲ್ಲೂ ಇಂಥ ಹಾರಾಟ ಸಾಧ್ಯವೇ? — ಮಂಗಳೂರಿನ ಓದುಗರು

ಉತ್ತರ: ಯಾವುದನ್ನು ಕೊಳ್ಳಬೇಕು ಎಂಬುದಕ್ಕಿಂತ ಮೊದಲು ಯಾವುದನ್ನು ನೋಡಿ ಕೊಳ್ಳಬೇಕು ಎಂಬುದನ್ನು ಹೇಳುವುದು ಒಳ್ಳೆಯದು. ಒಳನಾಡಿನ ದೊಡ್ಡ ನಿಲ್ದಾಣದ ಸೀನರಿಯಲ್ಲಿ ಟರ್ಮಿನಲ್ ಕಟ್ಟಡ, ಏರೋಬ್ರಿಜ್, ಟ್ಯಾಕ್ಸಿವೇ ಗುರುತುಗಳು ಮುಖ್ಯವಾಗುತ್ತವೆ, ಏಕೆಂದರೆ ವಿಮಾನ ಹೆಚ್ಚು ಹೊತ್ತು ಅವುಗಳ ನಡುವೆಯೇ ಇರುತ್ತದೆ. ದ್ವೀಪದ ವಿಮಾನಪಟ್ಟಿಯಲ್ಲಿ ಕಟ್ಟಡವೆಂದರೆ ಹೆಚ್ಚಿನ ಪಕ್ಷ ಒಂದು ಸಣ್ಣ ಕಚೇರಿ ಮತ್ತು ಅಗ್ನಿಶಾಮಕ ವಾಹನದ ಶೆಡ್ಡು. ಅಲ್ಲಿ ಸೀನರಿಯ ಯೋಗ್ಯತೆ ತಿಳಿಯುವುದು ನೆಲ ಮುಗಿದು ನೀರು ಆರಂಭವಾಗುವ ಅಂಚಿನಲ್ಲಿ. ಆ ಅಂಚು ಸರಿಯಿದ್ದರೆ ಉಚಿತ ಸೀನರಿಯೂ ಸಾಕು. ಅದು ತಪ್ಪಿದ್ದರೆ ಎಷ್ಟು ದುಬಾರಿಯ ಆಡ್-ಆನ್ ಆದರೂ ಕಣ್ಣಿಗೆ ಚುಚ್ಚುತ್ತದೆ.

ನೀವು ಕೇಳಿದ ಬಾರಾ ಇದಕ್ಕೆ ಅತ್ಯುತ್ತಮ ಉದಾಹರಣೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಮಾಲೆಯ ದಕ್ಷಿಣ ಭಾಗದಲ್ಲಿರುವ ಈ ದ್ವೀಪದ ಉತ್ತರ ತುದಿಯಲ್ಲಿ ಟ್ರಾಯ್ ವೋರ್ ಎಂಬ ವಿಶಾಲವಾದ, ಆಳವಿಲ್ಲದ ಮರಳು ಕೊಲ್ಲಿಯಿದೆ. 1936ರಿಂದ ಅದೇ ವಿಮಾನ ನಿಲ್ದಾಣ. ಉಬ್ಬರವಿಳಿತಕ್ಕೆ ಒಳಗಾಗುವ ಕಡಲತೀರವನ್ನೇ ರನ್‌ವೇಯಾಗಿ ಬಳಸಿ ವೇಳಾಪಟ್ಟಿಯಂತೆ ವಿಮಾನ ಸಂಚಾರ ನಡೆಸುವ ನಿಲ್ದಾಣ ಜಗತ್ತಿನಲ್ಲಿ ಇದೊಂದೇ. ಮರಳಿನ ಮೇಲೆ ತ್ರಿಕೋನಾಕಾರದಲ್ಲಿ ಮೂರು ರನ್‌ವೇಗಳಿದ್ದು, ಅತಿ ಉದ್ದದ್ದು ಸುಮಾರು 850 ಮೀಟರ್, ಅತಿ ಚಿಕ್ಕದು ಸುಮಾರು 680 ಮೀಟರ್. ತುದಿಗಳಲ್ಲಿ ನೆಟ್ಟ ಮರದ ಕಂಬಗಳನ್ನು ಬಿಟ್ಟರೆ ಬಣ್ಣದ ಗೆರೆ, ಸಂಖ್ಯೆ, ದೀಪದ ಸಾಲು ಯಾವುದೂ ಇಲ್ಲ. ಮೂರು ದಿಕ್ಕುಗಳು ಇರುವುದರಿಂದ ಅಟ್ಲಾಂಟಿಕ್ ಗಾಳಿ ಎತ್ತಲಿಂದ ಬೀಸಿದರೂ ಬಹುತೇಕ ಎದುರುಗಾಳಿಯಲ್ಲೇ ಇಳಿಯಬಹುದು. ಉಬ್ಬರ ಬಂದಾಗ ಮೂರೂ ನೀರಿನಡಿ ಹೋಗುತ್ತವೆ, ಆದ್ದರಿಂದ ಗ್ಲಾಸ್ಗೋದಿಂದ ಲೋಗನ್‌ಏರ್ ಸಂಸ್ಥೆಯ ಟ್ವಿನ್ ಆಟರ್ ಎಂಬ ಸಣ್ಣ ವಿಮಾನ ಬರುವ ಹೊತ್ತು ದಿನದಿಂದ ದಿನಕ್ಕೆ ಬದಲಾಗುತ್ತದೆ. ವಿಮಾನವಿಲ್ಲದ ಹೊತ್ತಿನಲ್ಲಿ ಊರಿನವರು ಅದೇ ಮರಳಿನಲ್ಲಿ ಚಿಪ್ಪು ಹೆಕ್ಕುತ್ತಾರೆ. ನಿಮ್ಮ ಕಡೆ ಮರುವಾಯಿ ಹೆಕ್ಕುವ ಹಾಗೆಯೇ. ಗಾಳಿಚೀಲ ಏರಿಸಿದ್ದರೆ ವಿಮಾನ ಬರಲಿದೆ, ತೀರದಿಂದ ದೂರವಿರಬೇಕು ಎಂಬುದು ಅಲ್ಲಿನ ಸೂಚನೆ.

ಇನ್ನು ನೀರಿನ ಮೇಲೆ ಚಪ್ಪಡಿ ಇಟ್ಟಂತೆ ಕಾಣುವುದೇಕೆ ಎಂಬ ಪ್ರಶ್ನೆ. ಸಿಮ್ಯುಲೇಟರಿನ ನೆಲ ಒಂದೇ ಪದರವಾಗಿ ಬರುವುದಿಲ್ಲ. ಎತ್ತರ ತಗ್ಗುಗಳನ್ನು ಹೇಳುವ ಮೆಶ್ ಒಂದು ಮೂಲದಿಂದ ಬರುತ್ತದೆ, ಎಲ್ಲಿ ನೀರು ಎಲ್ಲಿ ನೆಲ ಎಂದು ವಿಂಗಡಿಸುವ ತೀರರೇಖೆ ಇನ್ನೊಂದರಿಂದ, ಮೇಲೆ ಹೊದಿಸುವ ಉಪಗ್ರಹ ಅಥವಾ ವೈಮಾನಿಕ ಚಿತ್ರ ಮತ್ತೊಂದರಿಂದ. ಇವೆಲ್ಲದರ ಮೇಲೆ ವಿಮಾನ ನಿಲ್ದಾಣದ ಫೈಲು ತನ್ನ ರನ್‌ವೇಗಾಗಿ ಒಂದಿಷ್ಟು ಜಾಗವನ್ನು ಸಮತಟ್ಟು ಮಾಡಿಕೊಳ್ಳುತ್ತದೆ. ಒಳನಾಡಿನಲ್ಲಿ ಈ ನಾಲ್ಕರ ನಡುವೆ ಒಂದೆರಡು ಮೀಟರ್ ಹೊಂದಾಣಿಕೆ ತಪ್ಪಿದರೂ ಯಾರಿಗೂ ತಿಳಿಯುವುದಿಲ್ಲ. ಬಾರಾದ ರನ್‌ವೇ ಸಮುದ್ರಮಟ್ಟದಿಂದ ಸುಮಾರು ಐದೇ ಅಡಿ ಎತ್ತರದಲ್ಲಿರುವುದರಿಂದ ಅದೇ ಒಂದೆರಡು ಮೀಟರಿನ ವ್ಯತ್ಯಾಸಕ್ಕೆ ರನ್‌ವೇ ನೀರಿನಲ್ಲಿ ಮುಳುಗುತ್ತದೆ ಅಥವಾ ಗೋಡೆ ಕಟ್ಟಿ ಎತ್ತರಿಸಿದ ಜಗಲಿಯಂತೆ ನಿಲ್ಲುತ್ತದೆ. ಮೈಕ್ರೋಸಾಫ್ಟಿನದೇ ಹಳೆಯ ಸಿಮ್ಯುಲೇಟರಾದ ಎಫ್‌ಎಸ್‌ಎಕ್ಸ್ ಕಾಲದಲ್ಲಿ ಪ್ರತಿ ರನ್‌ವೇಯೂ ಕಡ್ಡಾಯವಾಗಿ ಮಟ್ಟಸವಾಗಿಯೇ ಇರಬೇಕಿತ್ತು, ಹಾಗಾಗಿ ಹೊಸ ಮೆಶ್ ಹಾಕಿದ ಕೂಡಲೇ ಸಣ್ಣ ದ್ವೀಪಗಳ ಪಟ್ಟಿಗಳೆಲ್ಲ ಹೀಗೆ ಜಗಲಿಯ ಮೇಲೇರುತ್ತಿದ್ದವು. ಈಗಿನ ಎರಡೂ ಸಿಮ್ಯುಲೇಟರುಗಳು ಇಳಿಜಾರಿನ ರನ್‌ವೇಯನ್ನು ನಿಭಾಯಿಸುತ್ತವೆಯಾದರೂ ಸೀನರಿ ರಚಿಸಿದವರು ಆ ಸೌಲಭ್ಯವನ್ನು ಬಳಸಿರಬೇಕು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಉಪಗ್ರಹವೋ ವಿಮಾನವೋ ತೀರದ ಚಿತ್ರ ತೆಗೆದ ಆ ಕ್ಷಣದಲ್ಲಿ ನೀರು ಎಲ್ಲಿತ್ತೋ ಅಲ್ಲೇ ಅದು ಚಿತ್ರದಲ್ಲಿ ಶಾಶ್ವತವಾಗಿ ನಿಂತುಬಿಡುತ್ತದೆ. ಇಳಿತದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಟ್ರಾಯ್ ವೋರ್ ಪೂರ್ತಿ ಮರಳು, ಉಬ್ಬರದಲ್ಲಿ ತೆಗೆದದ್ದರಲ್ಲಿ ಪೂರ್ತಿ ಕೊಲ್ಲಿ. ತೀರರೇಖೆಯ ದತ್ತಾಂಶ ಉಬ್ಬರದ ಗೆರೆಯನ್ನು ಹಿಡಿದು ಬರೆದದ್ದಾಗಿದ್ದು ಚಿತ್ರ ಇಳಿತದ್ದಾಗಿದ್ದರೆ, ಮರಳಿನ ಚಿತ್ರದ ಮೇಲೆ ಸಿಮ್ಯುಲೇಟರು ಅಲೆಗಳನ್ನು ಹರಡುತ್ತದೆ. ನಿಮ್ಮ ರನ್‌ವೇ ಆ ಅಲೆಗಳ ನಡುವೆ ಎದ್ದು ನಿಲ್ಲುತ್ತದೆ. ನಿಮ್ಮ ಪರದೆಯಲ್ಲಿ ಕಾಣುವ ಚಪ್ಪಡಿಗೆ ಬಹುಶಃ ಇದೇ ಕಾರಣ. ಗ್ರಾಫಿಕ್ಸ್ ಸೆಟ್ಟಿಂಗನ್ನು ಎಷ್ಟು ಏರಿಸಿದರೂ ಇದು ಸರಿಹೋಗುವುದಿಲ್ಲ.

ಹೀಗಾಗಿ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಬಾರಾಗಾಗಿ ತಕ್ಷಣ ಹಣ ಖರ್ಚು ಮಾಡಬೇಡಿ ಎಂಬುದು ನನ್ನ ಸಲಹೆ. 2021ರ ಫೆಬ್ರವರಿಯಲ್ಲಿ ಬ್ರಿಟನ್ ಮತ್ತು ಐರ್ಲೆಂಡಿಗಾಗಿ ಬಿಡುಗಡೆಯಾದ ಮೂರನೆಯ ವರ್ಲ್ಡ್ ಅಪ್‌ಡೇಟ್‌ನಲ್ಲಿ ವಿಶೇಷವಾಗಿ ರೂಪಿಸಿದ ಐದು ನಿಲ್ದಾಣಗಳಿದ್ದವು. ಅವುಗಳಲ್ಲಿ ಬಾರಾ ಒಂದು, ಶೆಟ್ಲೆಂಡಿನ ಪುಟ್ಟ ದ್ವೀಪಗುಂಪಾದ ಔಟ್ ಸ್ಕೆರೀಸ್ ಇನ್ನೊಂದು, ಇಂಗ್ಲೆಂಡಿನ ನೈಋತ್ಯ ತುದಿಯ ಲ್ಯಾಂಡ್ಸ್ ಎಂಡ್ ಮತ್ತೊಂದು. ಸಿಮ್ಯುಲೇಟರಿನೊಳಗಿನ ಅಂಗಡಿಯಾದ ಮಾರ್ಕೆಟ್‌ಪ್ಲೇಸ್‌ನಲ್ಲಿ ಆ ಅಪ್‌ಡೇಟ್ ಉಚಿತ, ಆದರೆ ತಾನಾಗಿಯೇ ಇನ್‌ಸ್ಟಾಲ್ ಆಗಿರುವುದಿಲ್ಲ. ಕಂಟೆಂಟ್ ಮ್ಯಾನೇಜರ್ ತೆರೆದು ಬ್ರಿಟನ್ನಿನ ಅಪ್‌ಡೇಟ್ ಇದೆಯೇ ಎಂದು ನೋಡಿಕೊಳ್ಳಿ. ಅದು ಇಲ್ಲದೆ ಬಾರಾಗೆ ಹೋಗಿ ನಿರಾಶರಾದವರು ಬಹಳ ಮಂದಿ. ಇತರ ದ್ವೀಪಗಳಿಗೆ ಬೇಕಾದ ಉಚಿತ ಸೀನರಿಗಳನ್ನು ಅಂತರ್ಜಾಲದಿಂದ ಇಳಿಸಿಕೊಂಡರೆ, ಜಿಪ್ ಬಿಡಿಸಿ ಸಿಕ್ಕಿದ ಫೋಲ್ಡರನ್ನು ಕಮ್ಯುನಿಟಿ ಫೋಲ್ಡರಿನಲ್ಲಿಟ್ಟು ಸಿಮ್ಯುಲೇಟರನ್ನು ಮತ್ತೆ ತೆರೆದರೆ ಆಯಿತು. ಒಂದೇ ನಿಲ್ದಾಣಕ್ಕೆ ಎರಡು ಸೀನರಿಗಳನ್ನು ಏಕಕಾಲಕ್ಕೆ ಇಡಬೇಡಿ. ಇಬ್ಬರು ರಚನಕಾರರು ನೆಲವನ್ನು ಬೇರೆ ಬೇರೆ ಎತ್ತರಕ್ಕೆ ಸಮ ಮಾಡಿದ್ದರೆ ಕಟ್ಟಡ ಅರ್ಧ ಹೂತುಹೋಗುತ್ತದೆ, ನಿಲುಗಡೆಯ ಜಾಗದಲ್ಲಿ ಗುಂಡಿ ಬೀಳುತ್ತದೆ. ದ್ವೀಪಗಳ ಸೀನರಿಯಲ್ಲಿ ಕಾಣುವ ದೋಷಗಳಲ್ಲಿ ಅರ್ಧಕ್ಕರ್ಧ ಈ ಜೋಡಿ ಫೋಲ್ಡರುಗಳದ್ದೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಎಕ್ಸ್-ಪ್ಲೇನ್ 12ರಲ್ಲಿ ಕೆಲಸ ಸ್ವಲ್ಪ ಹೆಚ್ಚು, ಹಿಡಿತವೂ ಹೆಚ್ಚು. ಆಡ್-ಆನ್‌ಗಳನ್ನು ಕಸ್ಟಮ್ ಸೀನರಿ ಫೋಲ್ಡರಿನಲ್ಲಿಟ್ಟಾಗ ಅವುಗಳ ಹೆಸರು ಸೀನರಿ_ಪ್ಯಾಕ್ಸ್.ಐಎನ್‌ಐ ಎಂಬ ಪಠ್ಯ ಫೈಲಿನಲ್ಲಿ ಸೇರುತ್ತದೆ. ಆ ಪಟ್ಟಿಯಲ್ಲಿ ಮೇಲಿರುವುದಕ್ಕೆ ಹೆಚ್ಚು ಅಧಿಕಾರ. ಹೊಸದಾಗಿ ಹಾಕಿದ್ದು ತಾನಾಗಿ ಮೇಲ್ತುದಿಗೆ ಹೋಗಿ ಕೂರುವುದರಿಂದ, ನೀವು ಕೊನೆಯಲ್ಲಿ ಮೆಶ್ ಹಾಕಿದ್ದರೆ ಅದು ನಿಲ್ದಾಣಗಳಿಗಿಂತ ಮೇಲೆ ಇದ್ದುಬಿಡಬಹುದು. ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನಿಲ್ದಾಣಗಳನ್ನು ಮೇಲಕ್ಕೆ, ಅವುಗಳ ಕೆಳಗೆ ಕಟ್ಟಡ-ರಸ್ತೆಗಳ ಓವರ್‌ಲೇ, ಅದರ ಕೆಳಗೆ ಆರ್ಥೋ ಚಿತ್ರಗಳು (ನೆಲಕ್ಕೆ ಹೊದಿಸುವ ವೈಮಾನಿಕ ಚಿತ್ರಗಳು), ಎಲ್ಲಕ್ಕಿಂತ ಕೆಳಗೆ ಮೆಶ್ ಬರುವಂತೆ ಸಾಲುಗಳನ್ನು ಜೋಡಿಸಿ. ನಿಮ್ಮ ಚಪ್ಪಡಿ ಕಾಣುತ್ತಿರುವುದು ಎಕ್ಸ್-ಪ್ಲೇನಿನಲ್ಲಾದರೆ, ಏನನ್ನೂ ಕೊಳ್ಳುವ ಮುನ್ನ ಇದೊಂದನ್ನು ಮಾಡಿ ನೋಡಿ.

ಆಮೇಲೂ ತೀರ ಒರಟಾಗಿ, ಕತ್ತರಿಯಲ್ಲಿ ಕತ್ತರಿಸಿದಂತೆ ಕಂಡರೆ ಆರ್ಥೋ4ಎಕ್ಸ್‌ಪಿ ಎಂಬ ಉಚಿತ ತಂತ್ರಾಂಶವಿದೆ. ಅದು ವೈಮಾನಿಕ ಚಿತ್ರಗಳನ್ನು ಇಳಿಸಿಕೊಂಡು ಸಿಮ್ಯುಲೇಟರು ನೆಲವನ್ನು ವಿಭಾಗಿಸುವ ಚೌಕಗಳಲ್ಲಿ ನೀವು ಆರಿಸಿದ್ದಕ್ಕೆ ಹೊಸ ಮೆಶ್ ಕಟ್ಟುತ್ತದೆ, ಮತ್ತು ದ್ವೀಪಗಳ ಮಟ್ಟಿಗೆ ಬಹುಮುಖ್ಯವಾದದ್ದೆಂದರೆ, ಮರಳು ನಿಧಾನವಾಗಿ ನೀರಿನೊಳಗೆ ಕರಗಿದಂತೆ ತೋರಿಸುವ ನೀರಿನ ಮಾಸ್ಕ್‌ಗಳನ್ನು ತಯಾರಿಸುತ್ತದೆ. ಚಿತ್ರದ ಸ್ಪಷ್ಟತೆಯನ್ನು ಜೂಮ್ ಲೆವೆಲ್ ಎಂಬ ಸಂಖ್ಯೆಯಿಂದ ಆರಿಸಬೇಕು. 17ನೇ ಲೆವೆಲ್‌ನಲ್ಲಿ ಒಂದು ಪಿಕ್ಸೆಲ್ ಸಮಭಾಜಕವೃತ್ತದ ಬಳಿ ಸುಮಾರು 1.2 ಮೀಟರ್ ನೆಲವನ್ನು ಹಿಡಿಯುತ್ತದೆ. ಧ್ರುವದತ್ತ ಹೋದಂತೆ ಅದು ಕುಗ್ಗುತ್ತ 57 ಡಿಗ್ರಿ ಅಕ್ಷಾಂಶದ ಬಾರಾದಲ್ಲಿ ಸುಮಾರು 65 ಸೆಂಟಿಮೀಟರ್ ಆಗುತ್ತದೆ. ಅಂದರೆ ಸ್ಕಾಟ್ಲೆಂಡಿಗೆ 16ನೇ ಲೆವೆಲ್ ಕೊಡುವ ಸ್ಪಷ್ಟತೆಯನ್ನು ಲಕ್ಷದ್ವೀಪದಲ್ಲಿ ಪಡೆಯಲು 17 ಬೇಕು. ಒಂದು ಲೆವೆಲ್ ಏರಿಸಿದರೆ ಹಾರ್ಡ್ ಡಿಸ್ಕಿನ ಖರ್ಚು ಸುಮಾರು ನಾಲ್ಕು ಪಟ್ಟಾಗುವುದರಿಂದ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ದ್ವೀಪಗಳ ಚೌಕದಲ್ಲಿ ಹೆಚ್ಚಿನ ಭಾಗ ಬರೀ ನೀರಾದ್ದರಿಂದ ಇಡೀ ಚೌಕಕ್ಕೆ 16ನ್ನು ಇಟ್ಟು ವಿಮಾನಪಟ್ಟಿಯ ಸುತ್ತ ಮಾತ್ರ 17 ಅಥವಾ 18ನ್ನು ಕೊಡುವುದು ಜಾಣತನ.

ಎಕ್ಸ್-ಪ್ಲೇನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ಅದರ ರನ್‌ವೇ ಬಗೆಗಳಲ್ಲಿ ಡಾಂಬರು, ಕಾಂಕ್ರೀಟು, ಹುಲ್ಲು, ಮಣ್ಣು, ಜಲ್ಲಿ, ಒಣಗಿದ ಕೆರೆಯ ಅಂಗಳ, ನೀರು, ಹಿಮ ಇವೆಲ್ಲ ಇವೆ, ಮರಳು ಇಲ್ಲ. ಆದ್ದರಿಂದ ಬಾರಾವನ್ನು ರಚಿಸುವವರು ಇವುಗಳಲ್ಲೇ ಹತ್ತಿರದ್ದೊಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಸೀನರಿ ಹಾಕಿದ ಮೇಲೆ ಇಳಿದು ಬ್ರೇಕ್ ಒತ್ತಿ ನೋಡಿ. ಚಕ್ರಗಳು ಬೆಂಗಳೂರಿನ ರನ್‌ವೇಯಲ್ಲಿ ಹಿಡಿದಂತೆ ಹಿಡಿದರೆ, ರಚಿಸಿದವರು ಚಿತ್ರಕ್ಕೆ ಕೊಟ್ಟ ಗಮನವನ್ನು ನೆಲಕ್ಕೆ ಕೊಟ್ಟಿಲ್ಲವೆಂದು ತಿಳಿಯಿರಿ.

ಹಣ ಕೊಟ್ಟು ಕೊಳ್ಳುವುದಾದರೆ ಜಾಹೀರಾತಿನಲ್ಲಿ ಟರ್ಮಿನಲ್ ಒಳಗಿನ ಕುರ್ಚಿ, ಕಾಫಿ ಯಂತ್ರಗಳ ಚಿತ್ರಗಳು ಎಷ್ಟಿವೆ, 500 ಅಡಿ ಎತ್ತರದಿಂದ ತೀರವನ್ನು ತೋರಿಸುವ ಚಿತ್ರಗಳು ಎಷ್ಟಿವೆ ಎಂದು ಹೋಲಿಸಿ ನೋಡಿ. ಎರಡನೆಯ ಬಗೆಯವು ಇಲ್ಲವೇ ಇಲ್ಲವೆಂದಾದರೆ ನಾನಂತೂ ಕೊಳ್ಳುವುದಿಲ್ಲ. ಒಂದು ನಿಲ್ದಾಣಕ್ಕಿಂತ ಇಡೀ ದ್ವೀಪಸಮೂಹದ ನೆಲ, ತೀರ, ಹಡಗುಕಟ್ಟೆ, ದೀಪಸ್ತಂಭಗಳನ್ನು ಸರಿಪಡಿಸುವ ಪ್ಯಾಕೇಜ್ ಸಿಕ್ಕರೆ ಅದಕ್ಕೆ ಹೆಚ್ಚು ಬೆಲೆ ಕೊಡಬಹುದು, ಏಕೆಂದರೆ ಬರಿಗಣ್ಣಿನಿಂದ ದಾರಿ ಹುಡುಕುತ್ತ ಹಾರುವವರಿಗೆ ದೀಪಸ್ತಂಭವೇ ಮೈಲಿಗಲ್ಲು. ರನ್‌ವೇ ನೆಲದ ಏರಿಳಿತವನ್ನು ಅನುಸರಿಸುತ್ತದೆಯೇ ಎಂಬುದನ್ನೂ ವಿಚಾರಿಸಿ. ಲ್ಯಾಂಡ್ಸ್ ಎಂಡ್‌ನಿಂದ ಸುಮಾರು 45 ಕಿಲೋಮೀಟರ್ ದೂರದ ಸಿಲ್ಲಿ ದ್ವೀಪಗಳ ಸೇಂಟ್ ಮೇರೀಸ್‌ನಲ್ಲಿ ರನ್‌ವೇ ನಡುವೆ ಗೂನುಬೆನ್ನಿನಂತೆ ಉಬ್ಬಿದೆ. ಅದನ್ನು ಮಟ್ಟಸವಾಗಿ ತೋರಿಸುವ ಸೀನರಿ ಆ ನಿಲ್ದಾಣದ ಮುಖ್ಯ ಗುಣವನ್ನೇ ಕಳೆದಿರುತ್ತದೆ.

ಈಗ ಉಬ್ಬರವಿಳಿತದ ಮಾತು. ನೀವು ಬಳಸುವ ಎರಡೂ ಸಿಮ್ಯುಲೇಟರುಗಳಲ್ಲಿ ಸಮುದ್ರದ ಮಟ್ಟ ಬೆಳಗಿನಿಂದ ರಾತ್ರಿಯವರೆಗೆ ಒಂದೇ. ಅಲೆಗಳು ಏಳುತ್ತವೆ, ಆದರೆ ನೀರು ಏರುವುದಿಲ್ಲ, ಇಳಿಯುವುದಿಲ್ಲ. ಬಾರಾದಲ್ಲಿ ಯಾವಾಗ ಹೋದರೂ ಇಳಿಯಬಹುದು ಎಂದಾದರೆ ಆ ಜಾಗದ ಸ್ವಾರಸ್ಯವೆಲ್ಲ ಹೋಯಿತು. ಆದ್ದರಿಂದ ಆ ನಿಯಮವನ್ನು ನೀವೇ ಹಾಕಿಕೊಳ್ಳಬೇಕು. ಬ್ರಿಟನ್ನಿನ ಜಲಮಾಪನ ಕಚೇರಿ ಈಸಿಟೈಡ್ ಎಂಬ ಸೇವೆಯಲ್ಲಿ ಮುಂದಿನ ಕೆಲವು ದಿನಗಳ ಉಬ್ಬರವಿಳಿತದ ವೇಳೆಯನ್ನು ಉಚಿತವಾಗಿ ಕೊಡುತ್ತದೆ. ಬಾರಾಕ್ಕೆ ಸಂಬಂಧಿಸಿದ ಬಂದರನ್ನು ಆರಿಸಿ ಆ ದಿನದ ಎರಡು ಉಬ್ಬರ, ಎರಡು ಇಳಿತಗಳ ಹೊತ್ತನ್ನು ಬರೆದುಕೊಳ್ಳಿ. ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಇರುವುದರಿಂದ ನಾಳೆಯ ಉಬ್ಬರ ಇಂದಿನದಕ್ಕಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ ಎಂಬುದು ಕರಾವಳಿಯವರಾದ ನಿಮಗೆ ಹೊಸತಲ್ಲ. ಆದರೆ ಮಂಗಳೂರಿನ ದೊಡ್ಡ ಉಬ್ಬರಗಳು ಒಂದೂವರೆ ಮೀಟರಿನ ಆಸುಪಾಸಿನವಾದರೆ ಬಾರಾದಲ್ಲಿ ಅದರ ಎರಡು ಪಟ್ಟನ್ನೂ ಮೀರುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರು ಬಳಸುವ ಹನ್ನೆರಡರ ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಇಳಿತದಿಂದ ಉಬ್ಬರದವರೆಗಿನ ಆರು ಗಂಟೆಗಳಲ್ಲಿ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮೊದಲ ಗಂಟೆಯಲ್ಲಿ, ಎರಡು ಭಾಗ ಎರಡನೆಯದರಲ್ಲಿ, ಮೂರು ಮೂರು ಭಾಗ ಮೂರನೇ ಮತ್ತು ನಾಲ್ಕನೇ ಗಂಟೆಗಳಲ್ಲಿ, ಮತ್ತೆ ಎರಡು, ಕೊನೆಗೆ ಒಂದು ಎಂದು ಹಂಚಿಕೆಯಾಗುತ್ತದೆ. ಏರಿಳಿತ 3.6 ಮೀಟರ್ ಇರುವ ದಿನ ಮೊದಲ ಗಂಟೆಯಲ್ಲಿ ನೀರು 30 ಸೆಂಟಿಮೀಟರ್ ಮಾತ್ರ ಏರಿದರೆ ಮೂರನೇ ಗಂಟೆಯೊಂದರಲ್ಲೇ 90 ಸೆಂಟಿಮೀಟರ್ ಏರುತ್ತದೆ. ಬಹುತೇಕ ಚಪ್ಪಟೆಯಾದ ಮರಳಿನಲ್ಲಿ ಆ 90 ಸೆಂಟಿಮೀಟರ್ ಎಂದರೆ ನೀರು ನೂರಾರು ಮೀಟರ್ ಒಳಗೆ ನುಗ್ಗಿದಂತೆ. ಇಳಿತಕ್ಕೆ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ಮಾತ್ರ ರನ್‌ವೇ ತೆರೆದಿರುತ್ತದೆ ಎಂದು ನಾನು ಆಟಕ್ಕಾಗಿ ಇಟ್ಟುಕೊಂಡಿದ್ದೇನೆ. ಇದು ಅಲ್ಲಿನ ಅಧಿಕೃತ ನಿಯಮವಲ್ಲ, ಹನ್ನೆರಡರ ಲೆಕ್ಕದಿಂದ ನಾನು ಮಾಡಿಕೊಂಡದ್ದು. ಹಾಗೆ ಮಾಡಿಕೊಂಡಾಗ ಗ್ಲಾಸ್ಗೋದಲ್ಲಿ ಅರ್ಧ ಗಂಟೆ ತಡವಾದರೆ ಇಡೀ ಪಯಣದ ಲೆಕ್ಕವೇ ಬದಲಾಗುತ್ತದೆ, ಇಳಿಯಲಾಗದಿದ್ದರೆ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ಬೆನ್‌ಬೆಕ್ಯುಲಾ ದ್ವೀಪದ ನಿಲ್ದಾಣಕ್ಕೆ ಹೋಗಲು ಇಂಧನ ಉಳಿದಿದೆಯೇ ಎಂದು ನೋಡಬೇಕಾಗುತ್ತದೆ.

ವೇಳೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಸ್ಕಾಟ್ಲೆಂಡ್ ನಮಗಿಂತ ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ನೀವು ಕೆಲಸ ಮುಗಿಸಿ ಸಂಜೆ ಏಳಕ್ಕೆ ಕುಳಿತರೆ ಅಲ್ಲಿ ಮಧ್ಯಾಹ್ನ. ನಿಜವಾದ ಹೊತ್ತು, ನಿಜವಾದ ಹವಾಮಾನ ಎರಡನ್ನೂ ಹಾಕಿಕೊಂಡು ಹಾರಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಡಿಸೆಂಬರಿನಲ್ಲಿ ಮಾತ್ರ ಎಚ್ಚರ. ಅಲ್ಲಿ ಹಗಲು ಆರೇಳು ಗಂಟೆಗಿಂತ ಹೆಚ್ಚಿಲ್ಲ, ಬಾರಾದಲ್ಲಿ ರನ್‌ವೇ ದೀಪಗಳೂ ಇಲ್ಲ. ತುರ್ತು ಸಂದರ್ಭದಲ್ಲಿ ರಾತ್ರಿ ವಿಮಾನ ಇಳಿಸಬೇಕಾದಾಗ ವಾಹನಗಳ ದೀಪ ಹಚ್ಚಿ ದಾರಿ ತೋರಿಸಿದ ಉದಾಹರಣೆಗಳಿವೆ.

ವಿಮಾನದ ಆಯ್ಕೆಯಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಈ ದ್ವೀಪಗಳನ್ನು ಸಾಕಿದ್ದು ಎರಡು ವಿಮಾನಗಳು: ಕೆನಡಾದ ಟ್ವಿನ್ ಆಟರ್ ಮತ್ತು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಹುಟ್ಟಿ 1965ರಲ್ಲಿ ಮೊದಲು ಹಾರಿದ ಬ್ರಿಟನ್-ನಾರ್ಮನ್ ಐಲ್ಯಾಂಡರ್. ಎರಡಕ್ಕೂ ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಹಣ ಕೊಟ್ಟು ಕೊಳ್ಳುವ ಆವೃತ್ತಿಗಳಿವೆ. ಏರೋಸಾಫ್ಟ್ ಸಂಸ್ಥೆಯ ಟ್ವಿನ್ ಆಟರ್ ಅವುಗಳಲ್ಲೊಂದು. ಎರಡೂ ವಿಮಾನಗಳ ಚಕ್ರಗಳು ಮಡಿಸಲಾಗದಂಥವು, ರೆಕ್ಕೆ ಮೇಲಿದೆ, ಆದ್ದರಿಂದ ಕೆಳಗಿನ ತೀರ ಪೂರ್ತಿ ಕಾಣುತ್ತದೆ. ಸೀನರಿಗೆ ಕೊಡುವ ಹಣದಲ್ಲಿ ಅರ್ಧವನ್ನು ಇಂಥ ವಿಮಾನಕ್ಕೆ ಕೊಟ್ಟರೂ ನಷ್ಟವಿಲ್ಲ.

ಟ್ವಿನ್ ಆಟರಿನಲ್ಲಿ ಬಾರಾಕ್ಕೆ ಇಳಿಯುವಾಗ ಮೊದಲು ಸಾವಿರ ಅಡಿಯಲ್ಲಿ ಕೊಲ್ಲಿಯ ಮೇಲೆ ಒಂದು ಸುತ್ತು ಹಾಕಿ. ಪಶ್ಚಿಮದಲ್ಲಿ ಮರಳುದಿಬ್ಬಗಳ ಕಿರಿದಾದ ಕುತ್ತಿಗೆ, ಅದರಾಚೆ ಅಟ್ಲಾಂಟಿಕ್ ಅಲೆಗಳು ಬಡಿಯುವ ಇನ್ನೊಂದು ತೀರ. ದಕ್ಷಿಣಕ್ಕೆ 383 ಮೀಟರ್ ಎತ್ತರದ ಹೀವಲ್ ಬೆಟ್ಟ. ಗಾಳಿ ದಕ್ಷಿಣದಿಂದ ಜೋರಾಗಿದ್ದರೆ ಬೆಟ್ಟಗಳ ಮರೆಯಲ್ಲಿ ವಿಮಾನ ತಟ್ಟನೆ ಕುಸಿಯುತ್ತದೆ, ಥ್ರಾಟಲ್ ಮೇಲಿನ ಕೈ ತೆಗೆಯಬೇಡಿ. ವೇಗವನ್ನು 75ರಿಂದ 80 ನಾಟ್‌ಗೆ ತಂದು, ಫ್ಲಾಪ್ ಇಳಿಸಿ, ಕಂಬಗಳನ್ನು ಕಣ್ಣಿನಿಂದ ಹುಡುಕಿ. ಬಣ್ಣದ ಗೆರೆಗಳಿಲ್ಲದ ಒದ್ದೆ ಮರಳು ಕನ್ನಡಿಯಂತೆ ಆಕಾಶವನ್ನು ತೋರಿಸುವುದರಿಂದ ನೆಲ ಎಷ್ಟು ಕೆಳಗಿದೆ ಎಂಬ ಅಂದಾಜು ತಪ್ಪುತ್ತದೆ, ಹೊಸಬರು ಸಾಮಾನ್ಯವಾಗಿ ಬೇಗನೆ ಮೂಗು ಎತ್ತಿಬಿಡುತ್ತಾರೆ. ನೇರ ಕೆಳಗೆ ನೋಡದೆ ಕೊಲ್ಲಿಯ ಎದುರು ದಡವನ್ನು ನೋಡುತ್ತ ಇಳಿದರೆ ಸರಿಹೋಗುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ ಅಲ್ಲಿನ ಗಾಳಿಯ ಒತ್ತಡವನ್ನು ಮರೆಯದೆ ಹೊಂದಿಸಿಕೊಳ್ಳಿ. ಅಟ್ಲಾಂಟಿಕ್ ಬಿರುಗಾಳಿ ಹಾದುಹೋಗುವಾಗ ಒತ್ತಡ ಬೇಗ ಬೇಗ ಬದಲಾಗುತ್ತದೆ. 10 ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 280 ಅಡಿಯ ವ್ಯತ್ಯಾಸ, ಐದು ಅಡಿ ಎತ್ತರದ ನಿಲ್ದಾಣಕ್ಕೆ ಅದು ಸಣ್ಣ ಮಾತಲ್ಲ. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಬಿ ಕೀಲಿ ಒತ್ತಿದರೆ ಸಾಕು.

ಆರಂಭದ ಪಯಣಕ್ಕೆ ನಾನು ಸೂಚಿಸುವ ದಾರಿ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಓಬನ್‌ನಿಂದ ಹೊರಡುತ್ತದೆ. ಅಲ್ಲಿಂದ ಮಲ್ ದ್ವೀಪದ ಬೆಟ್ಟಗಳನ್ನು ಬಳಸಿ ಕೋಲ್ ದ್ವೀಪಕ್ಕೆ ಸುಮಾರು 75 ಕಿಲೋಮೀಟರ್, ಕೋಲ್‌ನಿಂದ ಟೈರೀ ದ್ವೀಪಕ್ಕೆ 20ಕ್ಕೂ ಕಡಿಮೆ. ಇವೆರಡಕ್ಕೂ ಓಬನ್‌ನಿಂದ ನಿಜವಾಗಿಯೂ ಐಲ್ಯಾಂಡರ್ ವಿಮಾನಗಳು ಓಡಾಡುತ್ತವೆ. ಟೈರೀ ಮರಗಳೇ ಇಲ್ಲದಂಥ ಚಪ್ಪಟೆ ದ್ವೀಪ, ಗಾಳಿಗೆ ತಡೆಯಿಲ್ಲ. ಎರಡನೇ ಮಹಾಯುದ್ಧ ಕಾಲದ ವಾಯುನೆಲೆಯಾದ್ದರಿಂದ ಪಟ್ಟಿಗಳು ವಿಶಾಲವಾಗಿವೆ, ಅಡ್ಡಗಾಳಿಯ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಅಲ್ಲಿಂದ ಬಾರಾಕ್ಕೆ 65 ಕಿಲೋಮೀಟರಿಗೂ ಹೆಚ್ಚು ಬರೀ ಸಮುದ್ರ. ಓಬನ್‌ನಿಂದ ಬಾರಾವರೆಗೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ, ಇಳಿತದ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊರಡಿ.

ಉತ್ತರಕ್ಕೆ ಹೋದರೆ ಓರ್ಕ್ನಿ ದ್ವೀಪಸಮೂಹ. ಅಲ್ಲಿನ ಕರ್ಕ್‌ವಾಲ್‌ನಿಂದ ಆರು ಸಣ್ಣ ದ್ವೀಪಗಳಿಗೆ ಐಲ್ಯಾಂಡರ್ ಹೋಗುತ್ತದೆ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಇರುವ ದೂರ 2.7 ಕಿಲೋಮೀಟರ್, 1967ರಲ್ಲಿ ಆರಂಭವಾದ ಇದು ಜಗತ್ತಿನ ಅತಿ ಚಿಕ್ಕ ನಿಯತ ವಿಮಾನಯಾನ, ವೇಳಾಪಟ್ಟಿಯಲ್ಲಿ ಎರಡು ನಿಮಿಷ, ಗಾಳಿ ಒಲಿದ ದಿನದ ದಾಖಲೆ 53 ಸೆಕೆಂಡ್. ಏರುವ ಮುನ್ನವೇ ಇಳಿಯುವ ತಯಾರಿಯನ್ನು ಮುಗಿಸಿಕೊಂಡಿರಬೇಕು, ಇಲ್ಲದಿದ್ದರೆ ದ್ವೀಪ ದಾಟಿಹೋಗುತ್ತದೆ. ಈಡೇ ದ್ವೀಪದ ಪಟ್ಟಿಗೆ ಪಕ್ಕದ ಕೊಲ್ಲಿಯ ಹೆಸರಿನಿಂದಾಗಿ ಲಂಡನ್ ಏರ್‌ಪೋರ್ಟ್ ಎಂದೇ ಹೆಸರು ಎಂಬುದನ್ನು ತಿಳಿದಿದ್ದರೆ ಸ್ನೇಹಿತರ ಮುಂದೆ ಲಂಡನ್ನಿನಲ್ಲಿ ಐಲ್ಯಾಂಡರ್ ಇಳಿಸಿದ್ದೇನೆ ಎಂದು ಹೇಳಿಕೊಳ್ಳಬಹುದು. ಇನ್ನೂ ಉತ್ತರದ ಶೆಟ್ಲೆಂಡಿನ ಸಂಬರ್ಗ್‌ನಲ್ಲಿ ರನ್‌ವೇಯನ್ನು ಸಾರ್ವಜನಿಕ ರಸ್ತೆ ಅಡ್ಡ ಹಾಯುತ್ತದೆ, ವಿಮಾನ ಬರುವಾಗ ರೈಲ್ವೆ ಗೇಟಿನಂತೆ ಗೇಟು ಹಾಕುತ್ತಾರೆ. ನಿಮ್ಮ ಸೀನರಿಯಲ್ಲಿ ಆ ಗೇಟು ಇದೆಯೇ ಎಂದು ನೋಡಿ.

ಲಕ್ಷದ್ವೀಪದ ಪ್ರಶ್ನೆಗೆ ಉತ್ತರ ಹೌದು ಎಂದೇ. ಅಲ್ಲಿ ವಿಮಾನಪಟ್ಟಿ ಇರುವುದು ಅಗತ್ತಿಯಲ್ಲಿ ಮಾತ್ರ. ದ್ವೀಪದ ದಕ್ಷಿಣ ತುದಿಯಲ್ಲಿ ಎರಡು ಬದಿಯೂ ನೀರಿರುವ ಸುಮಾರು 1,200 ಮೀಟರಿನ ರನ್‌ವೇ. 2024ರ ಮಾರ್ಚ್ ಕೊನೆಯಲ್ಲಿ ಇಂಡಿಗೋ ಬೆಂಗಳೂರಿನಿಂದ ಎಟಿಆರ್ ವಿಮಾನದಲ್ಲಿ ನೇರ ಸಂಚಾರ ಆರಂಭಿಸಿತು. ನಿಮಗೆ ಮಾತ್ರ ಮಂಗಳೂರೇ ಹತ್ತಿರ: ನೇರ ಗೆರೆಯಲ್ಲಿ ಸುಮಾರು 380 ಕಿಲೋಮೀಟರ್, ದಿಕ್ಕು ಸುಮಾರು 231 ಡಿಗ್ರಿ. ಮಂಗಳೂರಿನ ಬಜಪೆ ನಿಲ್ದಾಣದ 24 ಎಂಬ ಸಂಖ್ಯೆಯ (ಎಂದರೆ ಸುಮಾರು 240 ಡಿಗ್ರಿಯತ್ತ ಮುಖವಿರುವ) ರನ್‌ವೇಯಿಂದ ಏರಿದರೆ ಮೂಗು ಬಹುತೇಕ ಅತ್ತಲೇ ತಿರುಗಿರುತ್ತದೆ. ಜಿಪಿಎಸ್ ಆರಿಸಿ ದಿಕ್ಸೂಚಿ ಮತ್ತು ಗಡಿಯಾರದಿಂದ ಹೋಗಿ ನೋಡಿ. ದಿಕ್ಕು ಒಂದು ಡಿಗ್ರಿ ತಪ್ಪಿದರೆ ಕೊನೆಯಲ್ಲಿ ಆರೇಳು ಕಿಲೋಮೀಟರ್ ಪಕ್ಕಕ್ಕೆ ಬೀಳುತ್ತೀರಿ, ಐದು ಡಿಗ್ರಿ ತಪ್ಪಿದರೆ ಮೂವತ್ತಕ್ಕೂ ಹೆಚ್ಚು, ಮಳೆಗಾಲದ ಮಬ್ಬಿನಲ್ಲಿ ಆಗ ದ್ವೀಪ ಕಾಣುವುದೇ ಇಲ್ಲ.

ಅದೃಷ್ಟಕ್ಕೆ ದಾರಿಯಲ್ಲಿ ಗುರುತುಗಳಿವೆ. ಅಗತ್ತಿಗೆ ಸುಮಾರು 115 ಕಿಲೋಮೀಟರ್ ಮೊದಲು ಕಿಲ್ತಾನ್ ದ್ವೀಪ ಹೆಚ್ಚುಕಡಿಮೆ ನಿಮ್ಮ ಗೆರೆಯ ಮೇಲೇ ಸಿಗುತ್ತದೆ, ಆಮೇಲೆ ಎಡಗಡೆ ಕಡಮತ್, ಅದರಾಚೆ ಅಮಿನಿ. ಈ ಹವಳದ ದ್ವೀಪಗಳು ಸಮುದ್ರಮಟ್ಟದಿಂದ ಕೆಲವೇ ಮೀಟರ್ ಎತ್ತರದಲ್ಲಿರುವುದರಿಂದ ಬಾರಾದಲ್ಲಿ ಕಂಡ ಅದೇ ತೊಂದರೆ ಇಲ್ಲೂ ಎದುರಾಗಬಹುದು, ಒರಟು ಮೆಶ್‌ನಲ್ಲಿ ದ್ವೀಪವೇ ಮಾಯವಾಗಿರಬಹುದು. ಹೊರಡುವ ಮುನ್ನ ಸಿಮ್ಯುಲೇಟರಿನ ನಕ್ಷೆಯಿಂದ ಒಂದೊಂದರ ಮೇಲೂ ಹೋಗಿ ಅವು ಇವೆಯೇ, ಲಗೂನಿನ ತಿಳಿನೀಲಿ ನೀರು ಮತ್ತು ಹೊರಗಿನ ಕಡುನೀಲಿ ಕಡಲು ಬೇರೆ ಬೇರೆಯಾಗಿ ಕಾಣುತ್ತವೆಯೇ ಎಂದು ನೋಡಿಕೊಳ್ಳಿ. ಎಕ್ಸ್-ಪ್ಲೇನಿನಲ್ಲಿ ಅವು ಸರಿಯಿಲ್ಲದಿದ್ದರೆ ಆರ್ಥೋ4ಎಕ್ಸ್‌ಪಿಯಿಂದ ಆ ಚೌಕಗಳನ್ನು ಕಟ್ಟಿಕೊಂಡು, ವರ್ಲ್ಡ್ ಎಡಿಟರ್ ಎಂಬ ಉಚಿತ ಉಪಕರಣದಲ್ಲಿ ಅಗತ್ತಿಯ ರನ್‌ವೇಯನ್ನು ನೀವೇ ತಿದ್ದಬಹುದು. ಒಂದು ರನ್‌ವೇ, ಒಂದು ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮತ್ತು ಸಣ್ಣ ಕಟ್ಟಡವಿರುವ ನಿಲ್ದಾಣ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ. ಇಂಧನ ಹಾಕುವಾಗ ಅಗತ್ತಿಯಲ್ಲಿ ಇಳಿಯಲಾಗದೆ ಹೋದರೆ ಎಲ್ಲಿಗೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಮಂಗಳೂರಿಗೆ ಹಿಂದಿರುಗಲು 380, ಕೋಝಿಕ್ಕೋಡಿಗೆ ಸುಮಾರು 415, ಕೊಚ್ಚಿಗೆ ಸುಮಾರು 470 ಕಿಲೋಮೀಟರ್. ಟ್ವಿನ್ ಆಟರಿನಲ್ಲಿ ಹೋಗುವುದಾದರೆ ಹೋಗಿ ಬರುವಷ್ಟರ ಮೇಲೆ ಮುಕ್ಕಾಲು ಗಂಟೆಯ ಇಂಧನವನ್ನು ಹೆಚ್ಚಾಗಿ ಇಟ್ಟುಕೊಳ್ಳಿ, ನೈಋತ್ಯದ ಎದುರುಗಾಳಿಯ ತಿಂಗಳುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು.